ಬ್ಯಾಸಗಿ ಸೂಟಿ ಮನಿಯೊಳಗೇ: ಕಲಬುರಗಿ ಬಿಸಿಲಿಗೆ ಮಾಳಿಗಿ ಹ್ಯಾಂಗ ಸಿದ್ಧ ಮಾಡ್ಕೋಬೇಕು?

ಗಂಜ್_ರಸ್ತೆ

ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಮಕ್ಕಳಿಗೂ ಸೂಟಿ. ಈ ವರ್ಷ ಮಹಾಬಳೇಶ್ವರವೂ ಇಲ್ಲ, ಊಟಿಯೂ ಇಲ್ಲ, ಹದಿನೈದು ದಿನ ಮನೆಯಲ್ಲೇ ಆರಾಮಾಗಿ ಕಳೆಯೋದು ಅಂತ ತೀರ್ಮಾನ ಆಗಿದೆ. ಅಡ್ಡಿ ಒಂದೇ. ಮಧ್ಯಾಹ್ನ ಊಟ ಆದಮೇಲೆ ರಾತ್ರಿ 10ರ ತನಕ ಒಳಗೆ ಕೂರೋಕೆ ಆಗಲ್ಲ, ಫ್ಯಾನ್ ಹಾಕಿದರೆ ಬೆಂಕಿ ಊದಿದ ಹಾಗೆ. ಸಂಜೆ ಮಾಳಿಗಿ ಹತ್ತಿದರೆ ಕಾಲು ಸುಡುತ್ತೆ.

ಮನೆ ವಿವರ: ಒಂದೇ ಅಂತಸ್ತು, 5 ಇಂಚಿನ ಆರ್‌ಸಿಸಿ ಸ್ಲ್ಯಾಬು, ಬಯಲು ಮಾಳಿಗಿ 20×15 ಅಡಿ, ಸುತ್ತ ಎರಡೂವರೆ ಅಡಿ ಪ್ಯಾರಾಪೆಟ್. ಒಂದು ಹಳೆ ನವಾರದ ಹೊರಸು, ಒಂದು ಕೂಲರ್ ಇದೆ. ನಲ್ಲಿ ನೀರು ದಿನಾ ಬರಲ್ಲ, ಆದ್ದರಿಂದ ಟ್ಯಾಂಕರ್‌ಗಟ್ಟಲೆ ನೀರು ಸುರಿಯೋ ಸಲಹೆ ಬೇಡ. ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬರು, ಇಬ್ಬರು ಮಕ್ಕಳು. ಖರ್ಚು ಐದು ಸಾವಿರದೊಳಗೆ. ಮೊದಲು ಏನು ಮಾಡಬೇಕು? ಸಂಜೆ, ರಾತ್ರಿ ಅಲ್ಲಿ ಮಾಡೋಕೆ ಏನಿದೆ, ಮೊಬೈಲ್ ಬಿಟ್ಟು?

ಫರ್ಸಿಕಲ್ಲು

ಮೊದಲ ಸುಣ್ಣ. ಉಳಿದದ್ದೆಲ್ಲಾ ಆಮ್ಯಾಲ.

ಯಾಕಂದ್ರ ಕೇಳ್ರಿ. 5 ಇಂಚಿನ ಸ್ಲ್ಯಾಬು ಮಧ್ಯಾಹ್ನ ಕುಡಿದ ಬಿಸಲು ಕೆಳಗಿನ ಮಾರಿಗಿ ಬರಬೇಕಂದ್ರ ಮೂರ್ನಾಲ್ಕು ತಾಸು ಹಿಡಿತದ. ಅದಕ್ಕ ಹೊರಗ ಹೊತ್ತು ಮುಳುಗಿದ್ರೂ ನಿಮ್ಮ ಕೋಣಿ ರಾತ್ರಿ 10ರ ತನಕ ಸುಡೋದು. ಫ್ಯಾನು ಛತ್ತಿನ ಬಿಸಿಯನ್ನೇ ಕೆಳಗ ದಬ್ಬತದ. ಅಂದ ಮ್ಯಾಲ ಬಿಸಿ ಒಳಗ ಹೋದ ಮ್ಯಾಲ ಹೊರಗ ತಗಿಯೋದಕ್ಕಿಂತ ಹೋಗಲಾರದಂಗ ಮಾಡೋದೇ ಸಸಾರ.

ನಿಮ್ಮ 300 ಚದರ ಅಡಿಗಿ ಲೆಕ್ಕ: ಕಲ್ಲುಸುಣ್ಣ 8 ಕೆಜಿ, ನೀರು ಕೆಜಿಗಿ 5 ಲೀಟರಿನಂಗ 40 ಲೀಟರ್. ಕಬ್ಬಣದ ಡ್ರಮ್ಮಿನಾಗ ಮೊದಲ ನೀರು ಹಾಕ್ರಿ, ಆಮ್ಯಾಲ ಸುಣ್ಣದ ಹಳ್ಳು ಒಂದೊಂದೇ ಬಿಡ್ರಿ. ಸುಣ್ಣದ ಮ್ಯಾಲ ನೀರು ಸುರದ್ರ ಸಿಡಿತದ, ಕಣ್ಣಿಗಿ ಹಾರಿದ್ರ ಕಣ್ಣೇ ಹೋಗ್ತದ. ಪ್ಲಾಸ್ಟಿಕ್ ಬಕೇಟು ಬ್ಯಾಡೇ ಬ್ಯಾಡ, ಕುದಿಯೋ ಸುಣ್ಣಕ್ಕ ತಳ ಮೆತ್ತಗಾಗಿ ಬಿಡ್ತದ. ಹುಡುಗರನ್ನ ಆ ದಿನ ಮ್ಯಾಲ ಹತ್ತಗೊಡಬ್ಯಾಡ್ರಿ. ಒಂದು ದಿನ ಪೂರ್ತಿ ನೆನಿಲಿ, ಮರುದಿನ ದಪ್ಪ ಅರಿವಿಯಾಗ ಸೋಸ್ರಿ. ಸೋಸದಿದ್ರ ಕಲ್ಲಿನ ಚೂರು ಕುಂಚಕ್ಕ ಸಿಕ್ಕು ಗೆರಿ ಬೀಳ್ತಾವ.

ಗ್ವಾಡಿಗಿ ಆದ್ರ 10 ಲೀಟರಿಗಿ 40 ಗ್ರಾಮ್ ಅಂಟು ಬಿಸಿನೀರಾಗ ಕರಗಿಸಿ ಹಾಕೋದು ರೂಢಿ. ಮಾಳಿಗಿಗಿ ಅದು ನಡಿಯಂಗಿಲ್ಲ, ನೀರು ಬಿದ್ದ ಕೂಡ್ಲೆ ಅಂಟು ಕರಗ್ತದ. ಅದರ ಬದಲಿ ನೀರಿಗಿ ಕರಗಲಾರದ ಅಕ್ರಿಲಿಕ್ ಬೈಂಡರ್ ಬಣ್ಣದ ಅಂಗಡ್ಯಾಗ ಸಿಗ್ತದ, ಡಬ್ಬಿ ಮ್ಯಾಲ ಬರದಷ್ಟೇ ಬೆರಸ್ರಿ. ನೀಲಿ ಹಾಕಬ್ಯಾಡ್ರಿ. ಕಣ್ಣಿಗಿ ಬೆಳ್ಳಗ ಕಾಣ್ತದ ಖರೆ, ಆದ್ರ ನೀಲಿ ಒಂದಿಷ್ಟು ಬೆಳಕು ತಾನೇ ನುಂಗತದ, ನಮಗ ಬೇಕಾದದ್ದು ತಿರುಗಿ ಹೊಡಿಯೋ ಬೆಳಕು.

ಬಳಿಯೋ ಮೊದಲ ಮಾಳಿಗಿ ಕಸಬರಿಗಿಲೆ ತಿಕ್ಕಿ ಧೂಳು ತಗಿರಿ, ತೆಳ್ಳಗ ನೀರು ಚಿಮುಕಿಸಿ ಹಸಿ ಮಾಡ್ರಿ. ಒಣ ಸ್ಲ್ಯಾಬಿನ ಮ್ಯಾಲ ಬಳದ್ರ ಅದು ನೀರೆಲ್ಲಾ ಹೀರಿ ಸುಣ್ಣ ಬರೇ ಹಿಟ್ಟಾಗಿ ಉಳಿತದ, ಎರಡು ದಿನಕ್ಕ ಕಾಲಿಗಿ ಹತ್ತಿ ಮನಿಯೆಲ್ಲಾ ಬೆಳ್ಳಗ. ಮುಂಜಾನಿ 6ಕ್ಕ ಒಂದು ಕೈ, ಸಂಜಿ ಒಂದು ಕೈ, ಮರುದಿನ ಮುಂಜಾನಿ ಮೂರನೇದು. ನಡುಮಧ್ಯಾಹ್ನ ಬಳಿಯೋದು ದಂಡ. ಆಮ್ಯಾಲ ನಾಕು ದಿನ ನೀರು ಸುರಿಬ್ಯಾಡ್ರಿ, ಗಾಳಿಗಿ ಗಟ್ಟಿ ಆಗಲಿ.

ಹೊರಸು ಹಾಕೋ ಜಾಗ, 8×8 ಅಡಿ, ಬಳಿಲಾರದೇ ಬಿಡ್ರಿ. ಅಷ್ಟರಾಗ ಶಹಾಬಾದ ಫರ್ಸಿ ಹಾಸಿದ್ರ ಬಾಳ ಚಂದ, ಇಲ್ಲಾಂದ್ರ ಚಾಪಿ ನಡಿತದ.

ಗಂಜ್_ರಸ್ತೆ

ಸುಣ್ಣ ಮಾಡಿಸ್ತೀನಿ. ನೀರು ಹೊಡೆಯೋದು ಯಾವಾಗ? ಮಧ್ಯಾಹ್ನ ಹೊಡೆದರೆ ಸ್ಲ್ಯಾಬ್ ಸೀಳುತ್ತೆ ಅಂತಾರೆ ಕೆಲವರು.

ತೇವಾಂಶ

ಸೀಳುವುದಕ್ಕಿಂತ ದೊಡ್ಡ ಸಮಸ್ಯೆ ನೀರು ವ್ಯರ್ಥವಾಗುವುದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ, ಅಂದರೆ ಮೂರನೇ ಎರಡು ಯೂನಿಟ್ ಕರೆಂಟಿನಷ್ಟು. ಮಧ್ಯಾಹ್ನ ಹಾಕಿದರೂ ಅಷ್ಟೇ, ಸಂಜೆ ಹಾಕಿದರೂ ಅಷ್ಟೇ. ವ್ಯತ್ಯಾಸ ಏನೆಂದರೆ ಮಧ್ಯಾಹ್ನ ಹೊತ್ತೊಯ್ದ ಶಾಖವನ್ನು ಸೂರ್ಯ ಮರಳಿ ತುಂಬುತ್ತಾನೆ. ಸಂಜೆ ತುಂಬುವವರು ಯಾರೂ ಇರುವುದಿಲ್ಲ.

ನಿಮ್ಮ ಮಾಳಿಗೆ 28 ಚದರ ಮೀಟರ್. ಒಂದು ಮಿಲಿಮೀಟರ್ ದಪ್ಪದ ನೀರೆಂದರೆ 28 ಲೀಟರ್, ಎರಡು ಕೊಡ. ಬಿಸಿಲು ಇಳಿದ ಮೇಲೆ 6.15ಕ್ಕೆ ಎರಡು ಕೊಡ, ಅದು ಪೂರ್ತಿ ಆರಿದ ಮೇಲೆ 7ರ ಸುಮಾರಿಗೆ ಇನ್ನೆರಡು. ಒಟ್ಟು 60 ಲೀಟರ್ ಒಳಗೆ ಮುಗಿಯಿತು. ಒಂದೇ ಸಲ ನಾಲ್ಕು ಕೊಡ ಸುರಿದರೆ ಅರ್ಧ ನೀರು ಇಳಿಜಾರಿನಲ್ಲಿ ಪೈಪಿಗೆ ಹೋಗುತ್ತದೆ, ಆವಿಯೇ ಆಗುವುದಿಲ್ಲ. ಗಿಡಕ್ಕೆ ಹಾಕುವ ಝಾರಿಯಲ್ಲಿ ಹನಿಸಿ. ತರಕಾರಿ ತೊಳೆದ ನೀರು, ಸಾಬೂನು ಕಡಿಮೆ ಇರುವ ಬಟ್ಟೆಯ ಕೊನೇ ನೀರು ಎರಡೂ ಆಗುತ್ತವೆ.

ಮಧ್ಯಾಹ್ನ ಹಿರಿಯರು ಮಲಗುವ ಕೋಣೆಯ ಮೇಲೆ ಮಾತ್ರ ಏನಾದರೂ ಬೇಕೆಂದರೆ ತೊಗರಿ ತುಂಬುವ ಗೋಣಿ ತಟ್ಟುಗಳನ್ನು ಹಾಸಿ 12ಕ್ಕೊಮ್ಮೆ, 2.30ಕ್ಕೊಮ್ಮೆ ನೆನೆಸಿ. ಸೆಣಬು ನೀರನ್ನು ಹಿಡಿದಿಡುತ್ತದೆ, ನೆರಳನ್ನೂ ಕೊಡುತ್ತದೆ. ನೈಲಾನ್ ಚೀಲ ನೀರನ್ನು ಹಿಡಿದಿಡುವುದಿಲ್ಲ.

ಕೂಲರ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು, ಯಾಕೆಂದರೆ ಅರ್ಧ ಊರು ಅದನ್ನು ತಪ್ಪಾಗಿ ಇಡುತ್ತದೆ. ಕೋಣೆಯೊಳಗೆ ಇಟ್ಟು ಬಾಗಿಲು ಮುಚ್ಚಿದರೆ ಹತ್ತು ನಿಮಿಷ ತಂಪು, ಆಮೇಲೆ ಬೆವರು. ಅದೇ ಗಾಳಿ ಮತ್ತೆ ಮತ್ತೆ ನೆನೆದು ಇನ್ನು ನೀರು ಹೀರಲಾರದ ಸ್ಥಿತಿಗೆ ಬಂದಿರುತ್ತದೆ. ಕೂಲರ್ ಕಿಟಕಿಯ ಹೊರಗಿರಬೇಕು, ಎದುರು ಗೋಡೆಯ ಕಿಟಕಿ ತೆರೆದಿರಬೇಕು. ಆ ಕಿಟಕಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಹೊರಗೆ ಹೋದರೆ ಸರಿ, ಸುಳಿದಾಡಿ ಒಳಗೇ ನಿಂತರೆ ಇನ್ನೊಂದು ಕಿಟಕಿ ತೆರೆಯಿರಿ.

ಕಲಬುರಗಿಯ ಏಪ್ರಿಲ್ ಗಾಳಿಗೆ ಕೂಲರ್ ಚೆನ್ನಾಗಿ ಒಗ್ಗುತ್ತದೆ. 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಒಳ್ಳೆಯ ಪ್ಯಾಡ್ ಇರುವ ಕೂಲರ್ 27ರ ಆಸುಪಾಸಿನ ಗಾಳಿ ಕೊಡುತ್ತದೆ. ಜೂನ್‌ನಲ್ಲಿ ಮಳೆ ಬಿದ್ದು 33 ಡಿಗ್ರಿ, ಶೇ 65 ಆದಾಗ ಅದೇ ಕೂಲರ್ 29ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೇಲೆ ಜಿಗುಟು ಬೇರೆ. ಆಗ ಪಂಪ್ ಬಂದ್ ಮಾಡಿ ಬರೀ ಗಾಳಿ ಸಾಕು. ಬೋರ್ ನೀರಾದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ತೊಟ್ಟಿಯ ನೀರನ್ನು ಪೂರ್ತಿ ಖಾಲಿ ಮಾಡಿ, ಮೇಲೆ ಮೇಲೆ ತುಂಬುತ್ತಾ ಹೋಗಬೇಡಿ. ಡೆಂಗಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ತೊಟ್ಟಿಯ ಗೋಡೆ ತಿಕ್ಕಿದರೆ ಅಂಟಿದ ಮೊಟ್ಟೆಯೂ ಹೋಗುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ.

ಫರ್ಸಿಕಲ್ಲು

ಗೋಣಿ ತಟ್ಟು ಮಾತು ಖರೆ ಅದ. ಆದ್ರ ಸುಣ್ಣ ಬಳದ ಮ್ಯಾಲ ಅದರ ಜರೂರು ಬೀಳಂಗಿಲ್ಲ. ಬೆಳ್ಳನ ಸುಣ್ಣದ ಮ್ಯಾಲ ಕಂದು ತಟ್ಟು ಹಾಸಿದ್ರ, ಅದು ಒಣಗಿದ ಕೂಡ್ಲೆ ಸುಣ್ಣ ಬಳದದ್ದೂ ದಂಡ.

ಹೊರಸು_ನುಲಿ

ಹೊರಸಿನ ಮಾತು ಯಾರೂ ಎತ್ತಲಿಲ್ಲ. ಮಾಳಿಗಿ ಮ್ಯಾಲ ಗಾದಿ ನೆಲಕ್ಕ ಹಾಸಬ್ಯಾಡ್ರಿ, ಕೆಳಗಿನ ಬಿಸಿ ಗಾದ್ಯಾಗ ಕೂಡ್ತದ. ಹೊರಸಿನ ಕೆಳಗ ಒಂದೂವರಿ ಅಡಿ ಗಾಳಿ ಆಡ್ತದ, ನವಾರದ ಸಂದಿಲಿಂದ ಬೆನ್ನಿಗೂ ಗಾಳಿ ಹತ್ತತದ. ಮ್ಯಾಲ ಗಾದಿ ಬ್ಯಾಡ, ಒಂದು ಕೌದಿ ಸಾಕು.

ಹಳೆ ಹೊರಸು ಅಂದ್ರಿ. ಮೊದಲ ನಾಕೂ ಕಾಲಿನ ಕೀಲು ನೋಡ್ರಿ. ತಗಣಿ ಹೆಚ್ಚಾಗಿ ಇರೋದು ಕೀಲಿನ ಸಂದ್ಯಾಗ. ಕುದಿಯೋ ನೀರು ಸಂದಿಗಿ ಬೀಳೋ ಹಂಗ ನಿಧಾನ ಹಾಕ್ರಿ, ಆಮ್ಯಾಲ ಎರಡು ದಿನ ಬಿಸಲಿಗಿ ನಿಲ್ಲಸ್ರಿ. ವಾರ ಬಿಟ್ಟು ಇನ್ನೊಮ್ಮಿ ಮಾಡ್ರಿ, ಉಳಿದ ತತ್ತಿ ಒಡದಿರ್ತಾವ.

ಕಾಲ್ದೆಸಿಗಿ ಜಗ್ಗೋ ಹಗ್ಗ ಇರ್ತದಲ್ಲ, ಅದನ್ನ ಬಿಗೀಬೇಕು. ಒಂದು ತುದಿಲಿಂದ ಸುರು ಮಾಡಿ ಒಂದೊಂದೇ ಎಳಿ ಜಗ್ಗಕೋತ ಇನ್ನೊಂದು ತುದಿಗಿ ಬರ್ರಿ, ಮತ್ತ ಅದೇ ಹಾದಿಲಿ ತಿರುಗಿ ಎರಡನೇ ಸಲ ಜಗ್ಗರಿ. ಒಂದೇ ಸಲಕ್ಕ ಬಿಟ್ರ ನಡುವ ಜೋಳಗಿ ಆಗ್ತದ, ಹಿರೇರಿಗಿ ನಡ ಹಿಡಿತದ. ನಡುವ ಅಂಗೈ ಊರಿ ಒತ್ತಿದ್ರ ನಾಕು ಬಟ್ಟಿನ ಮ್ಯಾಲ ಇಳೀಬಾರದು. ಹಗ್ಗ ಒಣಗಿದ್ದಾಗ್ಲೇ ಬಿಗಿರಿ. ನೂಲಿನ ಹಗ್ಗ ನೀರಿಗಿ ಉಬ್ಬಿ ಗಿಡ್ಡ ಆಗ್ತದ, ಹಸಿ ಇದ್ದಾಗ ಬಿಗದ್ರ ಒಣಗಿದ ಮ್ಯಾಲ ಮತ್ತ ಸಡ್ಲ.

ಸೊಳ್ಳಿ ಪರದಿಗಿ ನಾಕು ಬಿದರಿನ ಗಳ ಕಾಲಿಗಿ ಕಟ್ರಿ, ಹೊರಸಿನ ಮ್ಯಾಲ ನಾಕಡಿ ಎತ್ತರ ಬರಲಿ. ಚದರ ಇಂಚಿಗಿ 156 ತೂತಿನ ಜಾಳಗಿ ಕೇಳಿ ತಗೋರಿ. ಅದಕ್ಕಿಂತ ಸಣ್ಣ ತೂತು ಇದ್ರ ಗಾಳಿ ಬರಂಗಿಲ್ಲ, ದೊಡ್ಡದಿದ್ರ ಸೊಳ್ಳಿ ಬರ್ತದ. ಅಂಚು ಕೌದಿ ಕೆಳಗ ಸಿಗಸ್ರಿ. ಕೈ ಪರದಿಗಿ ಹತ್ತಿಸಿ ಮಲಗಿದ್ರ ಹೊರಗ ಕೂತೇ ಕಡಿತದ.

ಎರಡೂವರಿ ಅಡಿ ಪ್ಯಾರಾಪೆಟ್ ಗಿಡ್ಡ ಆತು. ಹೊರಸಿನ ಮ್ಯಾಲ ನಿಂತ ಹುಡುಗಗ ಅದು ಮೊಳಕಾಲಿಗಿ ಬರ್ತದ. ಅಂಚಿಲಿಂದ ಆರಡಿ ಒಳಗ ಹಾಕ್ರಿ, ಮೆಟ್ಟಲಿನ ಬಾಯಿಗೂ ಅಡ್ಡ ಏನರೆ ಇರಲಿ. ಟೇಬಲ್ ಫ್ಯಾನ್ ತರೋದಿದ್ರ ಮೂರು ಪಿನ್ನಿನ ವಾಯರ್ ಇರಲಿ, ಜಂಕ್ಷನ್ ಬಾಕ್ಸ್ ನೆಲಕ್ಕ ಇಡಬ್ಯಾಡ್ರಿ. ಈಗಷ್ಟೇ ನೀರು ಹೊಡದಿರ್ತೀರಿ.

ಇನ್ನ ಗಾಳಿ ಮಳಿ. ಏಪ್ರಿಲ್ ಮೇದಾಗ ಸಂಜಿ ಅಡ್ಡಮಳಿ ಹೇಳಿ ಬರಂಗಿಲ್ಲ. ಹೊತ್ತು ಮುಳುಗೋ ಮುಂದ ಮಾಡ ಕರ್ರಗಾಗಿ, ಆ ಕಡಿಲಿಂದ ಒಮ್ಮಿಗೇ ತಂಪು ಗಾಳಿ ಬೀಸಿದ್ರ ಆಹಾ ಅಂತ ಕೂಡಬ್ಯಾಡ್ರಿ. ಅದು ಮಾಡದ ಹೊಟ್ಟಿಯಾಗಿಂದ ಕೆಳಗ ಬಿದ್ದ ಗಾಳಿ, ಹಿಂದೇ ಧೂಳು, ಅದರ ಹಿಂದ ಸಿಡಿಲು. ಮಿಂಚು ಕಂಡ ಮ್ಯಾಲ 30 ಎಣಸೋದ್ರಾಗ ಗುಡುಗು ಕೇಳಿದ್ರ ಸಿಡಿಲು 10 ಕಿಲೋಮೀಟರ್ ಒಳಗ ಅದ. ಹೊರಸು ಅಲ್ಲೇ ಬಿಟ್ಟು ಕೆಳಗ ಇಳೀರಿ. ಕಡೀ ಗುಡುಗು ಕೇಳಿ ಅರ್ಧ ತಾಸು ಆಗೋ ತನಕ ಮ್ಯಾಲ ಹತ್ತಬ್ಯಾಡ್ರಿ.

ರಂಜಣಗಿ

ಮಾಳಿಗಿ ಮೇಲೆ ಕುಡಿಯೋ ನೀರಿಗೆ ಒಂದು ರಂಜಣಗಿ, ಅಂದರೆ ಮಣ್ಣಿನ ಗಡಿಗೆ ಇಡಿ, ಗಾಳಿ ಬಡಿಯೋ ಮೂಲೆಗೆ, ಹಸಿ ಉಸುಕಿನ ಮೇಲೆ. ಅಡುಗೆಮನೆ ಮೂಲೆಯಲ್ಲಿಟ್ಟು ತಂಪಾಗಲ್ಲ ಅನ್ನೋರೇ ಹೆಚ್ಚು. ಹೊಸದಾದರೆ ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ, ಮೊದಲೆರಡು ನೀರು ಚೆಲ್ಲಿ. ಸಾಬೂನು ಹಚ್ಚಬೇಡಿ, ಬಣ್ಣ ಬಳಿದದ್ದು ತರಬೇಡಿ, ಎರಡರಿಂದಲೂ ಮಣ್ಣಿನ ರಂಧ್ರ ಮುಚ್ಚುತ್ತೆ. ಹೊರಮೈ ಒದ್ದೆ ಆಗೋದು ನಿಂತಿತು ಅಂದರೆ ಉಪ್ಪು ಕಟ್ಟಿದೆ ಅಂತ ಅರ್ಥ. ತೆಂಗಿನ ನಾರಿನಿಂದ ತಿಕ್ಕಿ, ನಿಂಬೆ ಹುಳಿಯಲ್ಲಿ ಒರೆಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಗಿಡ ನೆಡಲು ಆಯಿತು.

ರಾತ್ರಿ ಊಟಕ್ಕೆ ಒಲೆ ಹಚ್ಚಿ ಮನೆ ಇನ್ನಷ್ಟು ಕಾಯಿಸೋದು ಯಾಕೆ? ಅಂಬಲಿ ಮಾಡಿ. ಅರ್ಧ ಕಪ್ ಜೋಳದ ಹಿಟ್ಟನ್ನು ಎರಡು ಕಪ್ ನೀರಲ್ಲಿ ಗಂಟಿಲ್ಲದಂತೆ ಕಲಸಿ ಹಿಂದಿನ ರಾತ್ರಿ ಮುಚ್ಚಿಡಿ. ಬೆಳಗ್ಗೆ ಹುಳಿ ವಾಸನೆ ಬಂದಿರುತ್ತೆ. ಎರಡು ಕಪ್ ನೀರು ಕುದಿಸಿ ಅದರೊಳಗೆ ಇದನ್ನು ಸುರಿದು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸಿ. ಕೈ ಬಿಟ್ಟರೆ ತಳ ಹತ್ತುತ್ತೆ. ಹಸಿ ಹಿಟ್ಟಿನ ವಾಸನೆ ಹೋಗಿ ಹೊಳಪು ಬಂದಮೇಲೆ ಇಳಿಸಿ, ಪೂರ್ತಿ ಆರಲಿ. ಆಮೇಲೇ ಎರಡು ಕಪ್ ಮಜ್ಜಿಗೆ, ಉಪ್ಪು, ಹುರಿದ ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ. ಬಿಸಿ ಇದ್ದಾಗ ಮಜ್ಜಿಗೆ ಹಾಕಿದರೆ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತೆ. ಜೊತೆಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ. ಇವೆರಡನ್ನೂ ವಾರಕ್ಕೊಮ್ಮೆ ಬೆಳಗಿನ ಹೊತ್ತು ಮಾಡಿಟ್ಟರೆ ಸಾಕು. ಕಾರಹುಣ್ಣಿಮೆ ತನಕ ಹೀಗೇ ನಡೆಸಬಹುದು.

ಮಕ್ಕಳಿಗೆ ಚೌಕಾಬಾರಾ. ಆ ಫರ್ಸಿ ಮೇಲೆ ಇದ್ದಿಲಿನಿಂದ ಐದು ಸಾಲು, ಐದು ಮನೆ ಗೆರೆ ಹಾಕಿ. ನಾಲ್ಕು ಅಂಚಿನ ನಡುಮನೆಗೂ ಮಧ್ಯದ ಮನೆಗೂ ಕಾಟು (× ಗುರುತು). ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮಗ್ಗುಲನ್ನು ಫರ್ಸಿಗೇ ತಿಕ್ಕಿ, ಕಂದು ಸಿಪ್ಪೆ ಹೋಗಿ ಬಿಳಿ ಕಾಣೋ ತನಕ. ಅರ್ಧ ತಾಸು ಮಕ್ಕಳು ಅದರಲ್ಲೇ ಮುಳುಗಿರ್ತಾರೆ. ಬಿಳಿ ಎಷ್ಟು ಮೇಲಾಯಿತೋ ಅಷ್ಟು ಮನೆ, ನಾಲ್ಕೂ ಬಿಳಿ ಆದರೆ ಚೌಕಾ, ನಾಲ್ಕೂ ಕಪ್ಪಾದರೆ ಬಾರಾ, ಅಂದರೆ ಎಂಟು. ಚೌಕಾ, ಬಾರಾ ಬಿದ್ದರೆ ಇನ್ನೊಂದು ಕೈ. ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋ ನಿಯಮ ಮೊದಲೇ ಹೇಳಿಬಿಡಿ, ಜಗಳ ಅಲ್ಲೇ ಶುರುವಾಗೋದು.

ಧ್ರುವ_17

ರಾತ್ರಿ ಮಾಡೋಕೆ ಏನಿದೆ ಎಂದು ಕೇಳಿದ್ದೀರಿ. ತಲೆಯ ಮೇಲೆಯೇ ಇದೆ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ಧ್ರುವ ನಕ್ಷತ್ರವೂ ಉತ್ತರ ದಿಗಂತದಿಂದ 17 ಡಿಗ್ರಿಯಷ್ಟೇ ಎತ್ತರದಲ್ಲಿದೆ. ತೋಳು ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ಒಂದು ಮುಷ್ಟಿ, ಅದರ ಮೇಲೆ ಮುಕ್ಕಾಲು ಮುಷ್ಟಿ, ಅಲ್ಲಿ ನೋಡಿ. ಬಹಳ ಬೆಳಗುತ್ತದೆ ಎಂದುಕೊಂಡವರಿಗೆ ನಿರಾಸೆ, ಅದು ಸಾಧಾರಣ ನಕ್ಷತ್ರ.

ಮೇ ಮೊದಲ ವಾರ ರಾತ್ರಿ 8.30ಕ್ಕೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಅದರ ಬಾಲದ ಬಾಗನ್ನೇ ಮುಂದುವರಿಸಿ ಪೂರ್ವಕ್ಕೆ ಬಂದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಅದೇ ಬಾಗಿನಲ್ಲಿ ಬಿಳಿ ಚಿತ್ತಾ. ಹತ್ತು ಗಂಟೆಯ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ. ದಿಗಂತದಿಂದ ಒಂದು ಮುಷ್ಟಿ ಎತ್ತರದಿಂದ ಒಂದೂವರೆ ಮುಷ್ಟಿಯೊಳಗೆ ನಾಲ್ಕು ನಕ್ಷತ್ರದ ಸಣ್ಣ ಶಿಲುಬೆ ಕಾಣುತ್ತದೆ, ಅದು ತ್ರಿಶಂಕು. ದೆಹಲಿಯ ಮಾಳಿಗೆಯಿಂದ ಇದು ಪೂರ್ತಿ ಕಾಣುವುದಿಲ್ಲ. ದಕ್ಷಿಣಕ್ಕೆ ಎತ್ತರದ ಕಟ್ಟಡ ಅಥವಾ ಬೀದಿದೀಪ ಇದ್ದರೆ ನಿಮಗೂ ಕಷ್ಟ, ಪ್ಯಾರಾಪೆಟ್ ಮೇಲೆ ಕೌದಿ ನೇತುಹಾಕಿ ದೀಪ ಮರೆ ಮಾಡಿ. ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಹುಣ್ಣಿಮೆಯ ಆಸುಪಾಸಿನ ನಾಲ್ಕು ದಿನ ಬಿಟ್ಟುಬಿಡಿ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಎಂದು ಮಕ್ಕಳು ಕೇಳಿರುತ್ತಾರೆ. ರೋಹಿಣಿ ತೋರಿಸಿ ಎಂದರೆ ಮೇ ಕೊನೆಗೆ ತೋರಿಸಲಾರಿರಿ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಯ ಪಾಲಿನ ಆಕಾಶಕ್ಕೆ ಬರುವುದರಿಂದಲೇ ಆ ಮಳೆಗೆ ಆ ಹೆಸರು, ಆದ್ದರಿಂದ ನಕ್ಷತ್ರ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಏಪ್ರಿಲ್ ಮೂರನೇ ವಾರದ ತನಕ ಸಂಜೆ 7.30ಕ್ಕೆ ಪಶ್ಚಿಮದಲ್ಲಿ ಕೆಂಪಗೆ ಸಿಗುತ್ತದೆ, ಆಗಲೇ ತೋರಿಸಿಬಿಡಿ.

ನಸುಕಿನ_ನಡಿಗೆ

ಹದಿನೈದು ದಿನ ಬರೀ ಮಾಳಿಗೆ ಸಾಕಾಗುವುದಿಲ್ಲ, ಬೆಳಗಿನ ಎರಡು ತಾಸೂ ಇವೆ. ಕಚೇರಿಯ ದಿನ ಅಪ್ಪನ ಕೆರೆ ಸುತ್ತ ನಡೆದು 7ಕ್ಕೆ ಮನೆ ಸೇರಿ. ಭಾನುವಾರ ಕೋಟೆ. ಅಲ್ಲಿನ ಜಾಮಿ ಮಸೀದಿ 1367ರದ್ದು. ಬೇರೆ ಕಡೆಯ ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇದರಲ್ಲಿ ಇಲ್ಲ, ಪೂರ್ತಿ ಗುಮ್ಮಟಗಳ ಚಾವಣಿ, ಬೆಳಕು ಅಕ್ಕಪಕ್ಕದ ಕಮಾನುಗಳಿಂದ ಬರುತ್ತದೆ. ಅಗಲವಾಗಿ ಕೆಳಗಿನಿಂದಲೇ ಬಾಗಿದ ಆ ಕಮಾನುಗಳ ಸಾಲಿನ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಯನ್ನು ನೋಡಬೇಕು.

ಎಷ್ಟೋ ಜನ ಸಂಜೆ 5ಕ್ಕೆ ಹೋಗಿ ಬೈದುಕೊಂಡು ಬರುತ್ತಾರೆ. ತಪ್ಪು ಕೋಟೆಯದ್ದಲ್ಲ. ದಪ್ಪ ಕಲ್ಲು ರಾತ್ರಿಯಿಡೀ ಆರಿ ಬೆಳಗ್ಗೆ ತಂಪಾಗಿರುತ್ತದೆ, ಸಂಜೆಗೆ ಹಗಲಿನ ಬಿಸಿಯನ್ನೆಲ್ಲ ಹೊರಗೆ ಬಿಡುತ್ತಿರುತ್ತದೆ, ನಿಮ್ಮ ಸ್ಲ್ಯಾಬಿನ ಹಾಗೆಯೇ. ಬಾಗಿಲು ತೆರೆದ ಕೂಡಲೇ ಹೋಗಿ ಬುರುಜು, ತೋಪು ಮೊದಲು ನೋಡಿ, ಬಿಸಿಲು ಏರಿದ ಮೇಲೆ ಮಸೀದಿಯ ನೆರಳಿಗೆ ಬನ್ನಿ. ಬರುವಾಗ ಸೂಸಲಾ, ಮಿರ್ಚಿ ಕಟ್ಟಿಸಿಕೊಂಡು 9ರೊಳಗೆ ಮನೆ.

ಗಂಜ್_ರಸ್ತೆ

ಸುಣ್ಣ ಬಳಿದು ನಾಲ್ಕು ದಿನ ನೀರು ಹಾಕಬಾರದು ಅಂದಿರಿ. ಅಷ್ಟರಲ್ಲಿ ಅಡ್ಡಮಳೆ ಬಂದರೆ?

ಫರ್ಸಿಕಲ್ಲು

ಮೊದಲನೇ ದಿನ ಬಂದ್ರ ತೊಳದು ಹೋಗ್ತದ, ಒಂದು ಕೈ ಮತ್ತ ಬಳಿಬೇಕು. ಅದಕ್ಕೇ 8 ಕೆಜಿ ಜಾಗಾದಾಗ 10 ಕೆಜಿ ತರ್ರಿ, ಎರಡು ಕೆಜಿ ನೆನಸಿದ ಸುಣ್ಣ ಮುಚ್ಚಿಡ್ರಿ. ಮ್ಯಾಲ ಎರಡು ಬಟ್ಟು ನೀರು ನಿಂತಿದ್ರ ತಿಂಗಳಾದ್ರೂ ಕೆಡಂಗಿಲ್ಲ. ಮೂರನೇ ದಿನದ ಮ್ಯಾಲ ಬಂದ ಮಳಿಗಿ ಹೆದರಬ್ಯಾಡ್ರಿ. ಪೈಪಿನ ಬಾಯಾಗ ಸುಣ್ಣದ ಗಸಿ ಕಟ್ಟಿರ್ತದ, ಅದನ್ನ ಮಾತ್ರ ಕೈಲೆ ತಗದು ಬಿಡ್ರಿ, ಇಲ್ಲಾಂದ್ರ ಮಾಳಿಗಿ ಮ್ಯಾಲ ನೀರು ನಿಂದರ್ತದ.